ಏಪ್ರಿಲ್ ತಿಂಗಳ ಸೆರೆಂಗೆಟಿ

ಪತ್ರಿಕೆಯಲ್ಲಿ ಬಂದ ಆ ಜಾಹೀರಾತನ್ನು ಕತ್ತರಿಸಿ ಇಟ್ಟವನು ನಾನು. ಇದನ್ನು ಮೊದಲೇ ಹೇಳಿಬಿಡಬೇಕು. ಎಷ್ಟೋ ವರ್ಷ, ಯಾರ ಹತ್ತಿರ ಯಾವ ವಿಷಯ ಮಾತಾಡುತ್ತಿದ್ದರೂ ನಾನು ಈ ಒಂದು ಸಂಗತಿಯನ್ನು ಹೇಗಾದರೂ ಮಾಡಿ ಅಲ್ಲಿಗೆ ಎಳೆದು ತರುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹೊನ್ನಾಳಿಯ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು, ನನ್ನ ಗೆಳೆಯ ಗಣಿತದ ಮೇಷ್ಟ್ರು. ಹೊಳೆಯ ಕಡೆ ಹೋಗುವ ಓಣಿಯಲ್ಲಿ ಒಂದು ಕೋಣೆ ಹಿಡಿದು ಇಬ್ಬರೂ ಇದ್ದೆವು. ಅಡುಗೆ ಅವನದು, ಪಾತ್ರೆ ನನ್ನದು. ಜಾಂಬಿಯಾ ದೇಶದ ಶಾಲೆಗಳಿಗೆ ಇಂಡಿಯಾದ ಶಿಕ್ಷಕರು ಬೇಕಾಗಿದ್ದಾರೆ ಎಂದು ಆ ಜಾಹೀರಾತಿನಲ್ಲಿ ಇತ್ತು. ನಾನು ಅದನ್ನು ಬ್ಲೇಡಿನಿಂದ ನೀಟಾಗಿ ಕತ್ತರಿಸಿ ಅಟ್ಲಾಸಿನೊಳಗೆ ಆಫ್ರಿಕಾದ ಪುಟದಲ್ಲಿಯೇ ಇಟ್ಟಿದ್ದೆ. ಅವನು ಕೇಳಿದ್ದು ಇಷ್ಟು: "ಜಾಂಬಿಯಾ ಅಂದ್ರೆ ಎಲ್ಲೈತಲೇ? ಬೊಂಬಾಯಿಂದ ರೈಲು ಹೋಗ್ತತಾ?"

ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿದವನು ನಾನೇ. ಒಬ್ಬನೇ ಅರ್ಜಿ ಹಾಕಲು ಧೈರ್ಯ ಸಾಲದೆ ಅವನಿಗೂ ಹಾಕು ಎಂದೆ. ಅವನ ಕೈಬರಹ ಕೋಳಿ ಕೆರೆದ ಹಾಗೆ, ಅದಕ್ಕೆ ಅವನ ಅರ್ಜಿಯನ್ನೂ ನಾನೇ ಬರೆದೆ. ಎರಡು ತಿಂಗಳಿಗೆ ಅವನಿಗೆ ಸಂದರ್ಶನಕ್ಕೆ ಕರೆ ಬಂತು. ನನಗೆ ಬರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಗಣಿತ, ವಿಜ್ಞಾನದವರು. ಆಫ್ರಿಕಾದ ಭೂಗೋಳ ಹೇಳಿಕೊಡಲು ಹೊನ್ನಾಳಿಯಿಂದ ಯಾಕೆ ಜನ ಬೇಕು, ಅದು ನ್ಯಾಯವೇ. ಆದರೆ ಮನಸ್ಸು ನ್ಯಾಯ ಕೇಳುತ್ತದೆಯೇ? ದಾವಣಗೆರೆಯ ರೈಲ್ವೆ ಸ್ಟೇಷನ್ನಿನಲ್ಲಿ ಅವನ ಕೊರಳಿಗೆ ಹಾರ ಹಾಕಿ, ಅವನ ಹೊಸ ಹೆಂಡತಿಯ ಕೈಗೆ ದಾರಿಯ ಬುತ್ತಿ ಕೊಟ್ಟು, ರೈಲು ಕಣ್ಮರೆಯಾಗುವ ತನಕ ಕೈ ಬೀಸಿದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಜೊತೆ ಕಿಟಕಿ ಮುಚ್ಚುವ ವಿಷಯಕ್ಕೆ ಜಗಳ ಆಡಿದೆ.

ಮುಂದಿನ ವರ್ಷ ನನಗೆ ಚನ್ನಗಿರಿಗೆ ವರ್ಗವಾಯಿತು. ನ್ಯಾಮತಿಯ ಹುಡುಗಿಯ ಜೊತೆ ಮದುವೆಯೂ ಆಯಿತು. ಗೆಳೆಯ ತನ್ನ ಕಾಗದಗಳನ್ನು ಮನೆ ವಿಳಾಸಕ್ಕೆ ಬರೆಯದೆ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದ. ನಮ್ಮ ಕಡೆ ಪರದೇಶದಿಂದ ಬಂದ ಕಾಗದ ಒಬ್ಬರದು ಎಂದು ಲೆಕ್ಕವಿಲ್ಲ, ಅದು ಬಂದ ಜಾಗದಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ನಾಲ್ಕನೇ ಪೀರಿಯಡ್ಡು ಮುಗಿಯುವ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಊಟದ ಡಬ್ಬಿ ಬಿಚ್ಚಿಕೊಂಡು ಕಾಯುತ್ತಿದ್ದರು. ಓದುವ ಶಿಕ್ಷೆ ನನ್ನದು.

ನನ್ನ ಹೊಟ್ಟೆ ಉರಿಯುತ್ತಿದ್ದದ್ದು ಅವನು ಹೋದ ಎನ್ನುವುದಕ್ಕಿಂತ ಹೆಚ್ಚಾಗಿ, ಹೋಗಿಯೂ ಅವನಿಗೆ ನೋಡಲು ಬರುತ್ತಿರಲಿಲ್ಲ ಎನ್ನುವುದಕ್ಕೆ. ವಿಕ್ಟೋರಿಯಾ ಜಲಪಾತಕ್ಕೆ ಹೋಗಿ ಬಂದು ಏನು ಬರೆದಿದ್ದ ಗೊತ್ತೆ? "ನಮ್ಮ ಜೋಗ ಇದ್ದಂಗೆ ಐತೆ, ಸ್ವಲ್ಪ ಅಗಲ. ಬಟ್ಟೆ ಎಲ್ಲ ತೊಯ್ದು ತೊಪ್ಪೆ ಆತು." ಸ್ವಲ್ಪ ಅಗಲವಂತೆ! ಒಂದು ಮೈಲಿಗೂ ಮಿಕ್ಕಿದ ಅಗಲದಲ್ಲಿ ಜಾಂಬೆಜಿ ನದಿ ನೆಲದ ಬಿರುಕಿನೊಳಗೆ ಒಮ್ಮೆಗೇ ಬೀಳುತ್ತದೆ, ಅದರ ತುಂತುರು ಹೊಗೆಯ ಹಾಗೆ ಮೇಲೆದ್ದು ಬಹಳ ದೂರಕ್ಕೆ ಕಾಣುತ್ತದೆ ಎಂದು ನಾನು ವರ್ಷಾ ವರ್ಷಾ ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೆ. ಅದರ ಮುಂದೆ ನಿಂತವನಿಗೆ ನೆನಪಿದ್ದದ್ದು ಒದ್ದೆ ಪಂಚೆ. ಇನ್ನೊಂದು ಕಾಗದದಲ್ಲಿ, ಕಾಫುಯೆ ಕಾಡಿನಲ್ಲಿ "ಚಿಗರಿ ತರದ್ದು ಏನೋ ಒಂದು ಹಿಂಡು ಅಡ್ಡ ಓಡಿ ಹೋತು" ಎಂದಿದ್ದ. ಏನೋ ಒಂದು ಹಿಂಡು! ನಾನು ಅಲ್ಲಿದ್ದಿದ್ದರೆ ಕೊಂಬಿನ ತಿರುವು ನೋಡಿ ಹೆಸರು ಹೇಳುತ್ತಿದ್ದೆ. ನಮ್ಮ ಹೆಡ್ಮಾಸ್ತರರು ಮಾತ್ರ ಇದಕ್ಕೆಲ್ಲ ಜಗ್ಗುವವರಲ್ಲ. "ಏನೇ ಇರ್ಲಿ ಮೇಷ್ಟ್ರೇ, ನಮ್ಮ ಸೂಳೆಕೆರೆ ಮುಂದೆ ಅಲ್ಲಿನ ಕೆರೆ ಏನೂ ಇರಾಕಿಲ್ಲ ಬಿಡ್ರಿ" ಎಂದು ಹೇಳಿ ಲಕೋಟೆಯ ಮೇಲಿನ ಆನೆ ಚಿತ್ರದ ಅಂಚೆ ಚೀಟಿಯನ್ನು ಮಗನಿಗೆ ಎಂದು ಕಿತ್ತುಕೊಳ್ಳುತ್ತಿದ್ದರು.

ಆ ಕಾಲದಲ್ಲಿ ನನ್ನ ಪ್ರವಾಸ ಎಂದರೆ ಮಕ್ಕಳನ್ನು ಕರೆದುಕೊಂಡು ಸಂತೇಬೆನ್ನೂರಿನ ಕಲ್ಲು ಕಟ್ಟಿದ ಹಳೆಯ ಹೊಂಡ ತೋರಿಸುವುದು. ಹೊಂಡ ಚೆಂದವೇ. ಏಳು ಸಲ ತೋರಿಸಿದ ಮೇಲೆ ಯಾರಿಗಾದರೂ ಸಾಕಾಗುತ್ತದೆ.

ಹೀಗೆ ವರ್ಷಗಳು ಹೋದವು. ಗೆಳೆಯ ಒಪ್ಪಂದವನ್ನು ಒಮ್ಮೆ ಮುಂದುವರಿಸಿಕೊಂಡ, ಅವನಿಗೆ ಅಲ್ಲಿಯೇ ಒಬ್ಬಳು ಮಗಳು ಹುಟ್ಟಿದಳು. ನನಗೆ ಜಗಳೂರಿಗೆ ವರ್ಗವಾಯಿತು. ಜಗಳೂರಿನ ಸುತ್ತ ಕಲ್ಲು, ಕುರುಚಲು, ಬಯಲು, ಬಯಲಿನ ತುಂಬ ಕುರಿ ಹಿಂಡು. ಹುಲ್ಲುಗಾವಲಿನ ಪಾಠ ಮಾಡುವಾಗ ನಾನು ಕಿಟಕಿಯಿಂದ ಆಚೆ ಕೈ ತೋರಿಸಿ, "ಆಫ್ರಿಕಾದ ಸವನ್ನಾ ಹಿಂಗೇ ಇರುತ್ತೆ, ಕುರಿ ಜಾಗದಲ್ಲಿ ಜೀಬ್ರಾ ಇಟ್ಕೊಳ್ರಿ" ಎನ್ನುತ್ತಿದ್ದೆ. ಮಕ್ಕಳು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ಎಂಬತ್ತರ ದಶಕ ಶುರುವಾಗಿತ್ತು. ಸಂಕ್ರಾಂತಿ ಮುಗಿದ ವಾರ ಒಂದು ದಪ್ಪ ಲಕೋಟೆ ಬಂತು. ಒಳಗೆ ಎರಡು ಬಣ್ಣದ ಮಡಿಕೆ ಪುಸ್ತಕ, ಪ್ರವಾಸ ಮಾಡಿಸುವ ಅಂಗಡಿಯವರು ಹಂಚುತ್ತಾರಲ್ಲ, ಅಂಥವು. ಜೊತೆಗೆ ಕಾಗದ, ಒಂದು ಫೋಟೋ. ಈ ಸಲ ಸ್ಟಾಫ್ ರೂಮಿನಲ್ಲಿ ಓದದೆ ಮನೆಗೆ ತಂದೆ.

"ಈ ವರ್ಷ ಮುಗಿದ್ರೆ ನಾವು ಊರಿಗೆ ಬಂದ್ಬಿಡ್ತೀವಿ" ಎಂದು ಬರೆದಿದ್ದ. "ಹೋಗೋ ಮುಂಚೆ ಒಂದು ದೊಡ್ಡ ಸಫಾರಿ ಮಾಡಾಕೆ ಮನಸೈತೆ. ಒಂದು ಸಲಕ್ಕೆ ಮಾತ್ರ ಕೈಲಾಗ್ತತೆ, ಎರಡಕ್ಕಿಲ್ಲ. ಇಲ್ಲೇ ಪೂರ್ವದಾಗೆ ಲುವಾಂಗ್ವಾ ಕಣಿವೆ ಐತೆ. ಇಲ್ಲಾಂದ್ರೆ ಚೀನಾದವರು ಹಾಕಿಕೊಟ್ಟ ರೈಲಿನಾಗೆ ತಾಂಜಾನಿಯಕ್ಕೆ ಹೋಗಿ ಸೆರೆಂಗೆಟಿ ನೋಡಬೌದು. ರಜೆ ಏಪ್ರಿಲ್‌ನಾಗೆ ಐತೆ, ಆಗಸ್ಟ್‌ನಾಗೂ ಐತೆ. ಇಲ್ಲಿ ಕೇಳಿದ್ರೆ ಒಬ್ಬೊಬ್ರು ಒಂದೊಂದು ಹೇಳ್ತಾರೆ, ಟಿಕೆಟ್ ಮಾರೋರು ತಮ್ಮದೇ ಹೇಳ್ತಾರೆ. ನೀನು ಓದಿಕೊಂಡೋನು. ಯಾವ ಜಾಗ, ಯಾವ ತಿಂಗಳು ಅಂತ ನೀನೇ ಹೇಳು. ನೀ ಹೇಳಿದ್ದಕ್ಕೆ ಹೋಗ್ತೀವಿ."

ನಮ್ಮ ಕಡೆಯ ಜನರ ಸ್ವಭಾವವೇ ಇದು. ಎತ್ತು ಕೊಳ್ಳಲಿ, ಬಾವಿ ತೋಡಿಸಲಿ, ಎದುರಿಗೆ ಇರುವವರನ್ನು ನಂಬುವುದಿಲ್ಲ. ನಮ್ಮವನು ಎನ್ನುವ ಒಬ್ಬನನ್ನು ಕೇಳಿಯೇ ಹೆಜ್ಜೆ ಇಡಬೇಕು. ಆ ಒಬ್ಬ ಸಾವಿರಾರು ಮೈಲಿ ದೂರದ ಜಗಳೂರಿನಲ್ಲಿ ಇದ್ದರೂ ಅವನೇ ಆಗಬೇಕು.

ಒಪ್ಪಿಕೊಳ್ಳುತ್ತೇನೆ, ಆ ವಾರ ನನ್ನ ಜೀವನದಲ್ಲಿ ಬಹಳ ಸಂತೋಷದ ವಾರ. ಭಾನುವಾರ ದಾವಣಗೆರೆಗೆ ಹೋಗಿ, ಕಾಲೇಜಿನ ಗ್ರಂಥಾಲಯದಲ್ಲಿ ಪರಿಚಯದವರನ್ನು ಕಾಡಿ ಬೇಡಿ ಬೀಗ ತೆಗೆಸಿ ದಪ್ಪ ಪುಸ್ತಕಗಳನ್ನು ತೆರೆದು ಕೂತೆ. ನೋಟ್ ಪುಸ್ತಕದಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ಲುವಾಂಗ್ವಾ, ಬಲಕ್ಕೆ ಸೆರೆಂಗೆಟಿ ಎಂದು ಬರೆದುಕೊಂಡೆ. ಲುವಾಂಗ್ವಾದಲ್ಲಿ ಬಂದೂಕಿನವನ ಹಿಂದೆ ಕಾಲ್ನಡಿಗೆಯಲ್ಲಿಯೇ ಕಾಡು ಸುತ್ತಬಹುದು. ಆಗಸ್ಟ್ ಹೊತ್ತಿಗೆ ಹುಲ್ಲು ಒಣಗಿ, ಹಳ್ಳಗಳು ಬತ್ತಿ, ಆನೆ, ಕಾಡೆಮ್ಮೆ, ಚಿರತೆ ಎಲ್ಲವೂ ಉಳಿದ ನೀರಿಗೆ ಬರಲೇಬೇಕು, ನೀರಾನೆಗಳು ನದಿಯ ಮಡುವಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಸೆರೆಂಗೆಟಿಯಲ್ಲಿ ನಡಿಗೆ ಇಲ್ಲ, ಜೀಪು. ಆದರೆ ಕಣ್ಣು ಸೋಲುವಷ್ಟು ಬಯಲು, ಲಕ್ಷಗಟ್ಟಲೆ ಗ್ನೂ ಎಂಬ ಎಮ್ಮೆ ಮುಖದ ಪ್ರಾಣಿಗಳು ಮಳೆಯನ್ನು ಹುಡುಕಿಕೊಂಡು ಸುತ್ತು ಹಾಕುತ್ತಿರುತ್ತವೆ. ಜನವರಿ, ಫೆಬ್ರವರಿಯಲ್ಲಿ ಅವು ದಕ್ಷಿಣದ ಬಯಲಲ್ಲಿ ಈಯುತ್ತವೆ. ಆಗಸ್ಟ್ ಹೊತ್ತಿಗೆ ಉತ್ತರಕ್ಕೆ, ಕೀನ್ಯಾದ ಕಡೆ ಹೋಗಿಬಿಟ್ಟಿರುತ್ತವೆ. ಆಗ ತಾಂಜಾನಿಯ, ಕೀನ್ಯಾಗಳ ನಡುವೆ ಮನಸ್ತಾಪವಾಗಿ ಗಡಿ ಮುಚ್ಚಿತ್ತು. ಪ್ರಾಣಿಗಳು ದಾಟುತ್ತಿದ್ದವು, ಜನ ದಾಟುವ ಹಾಗಿರಲಿಲ್ಲ. ಪಕ್ಕದಲ್ಲಿ ಎನ್‌ಗೊರೊಂಗೊರೊ ಕುಳಿ, ಸತ್ತ ಜ್ವಾಲಾಮುಖಿಯ ಬಾಯಿ, ಅದರ ತಳದಲ್ಲಿಯೇ ಸಿಂಹ, ಘೇಂಡಾಮೃಗ.

ಇನ್ನು ಏಪ್ರಿಲ್. ಗ್ರಂಥಾಲಯದ ಒಂದು ಪುಸ್ತಕದ ಮಳೆಯ ಪಟ್ಟಿಯಲ್ಲಿ ಪೂರ್ವ ಆಫ್ರಿಕಾದ ಎದುರಿಗೆ ಎಲ್ಲಕ್ಕಿಂತ ದೊಡ್ಡ ಅಂಕಿ ಏಪ್ರಿಲ್‌ನ ಕೆಳಗೆ ಇತ್ತು. ಅದು ಅಲ್ಲಿನ ದೊಡ್ಡ ಮಳೆಗಾಲ. ರಸ್ತೆಗಳು ಕೆಸರಾಗಿ ಜೀಪುಗಳು ಹೂತುಹೋಗುತ್ತವೆ, ಕುಳಿಯ ತುಂಬ ಮಂಜು. ಬಣ್ಣದ ಮಡಿಕೆ ಪುಸ್ತಕದಲ್ಲಿ ಈ ಮಾತೇ ಇರಲಿಲ್ಲ, ಮಾರುವವರು ಮಳೆಯ ವಿಷಯ ಯಾಕೆ ಬರೆಯುತ್ತಾರೆ? ಏಪ್ರಿಲ್‌ನಲ್ಲಿ ಬಂದವರಿಗೆ ಅರ್ಧ ದರ ಎಂದಷ್ಟೇ ಇತ್ತು. ಯಾಕೆ ಅರ್ಧ ಎಂದು ನನಗೆ ಗೊತ್ತಾಯಿತು. ಮನೆಗೆ ಬಂದು ಕಾಗದ ಬರೆದೆ. ಏಪ್ರಿಲ್ ಬೇಡ, ಆಗಸ್ಟ್‌ಗೆ ಹಾಕು, ಲುವಾಂಗ್ವಾಕ್ಕೆ ಹೋಗು. ಬರೆದು ಮಡಿಸಿ ಅಂಗಿ ಜೇಬಿನಲ್ಲಿ ಇಟ್ಟೆ.

ಮಾರನೇ ದಿನ ಅಂಚೆಗೆ ಹಾಕಬೇಕು, ಅಷ್ಟರಲ್ಲಿ ನನ್ನ ಹೆಂಡತಿ ಗೋಡೆಗೆ ಮೊಳೆ ಹೊಡೆಯುತ್ತಿದ್ದಳು. ಅದೇ ಲಕೋಟೆಯಲ್ಲಿ ಗೆಳೆಯನ ಹೆಂಡತಿ ಇವಳಿಗೆ ಎಂದು ಒಂದು ಫೋಟೋ ಕಳಿಸಿದ್ದಳು. ಜಲಪಾತದ ಮುಂದೆ ಮೂವರೂ ನಿಂತಿದ್ದಾರೆ, ಮಗು ಅವನ ಹೆಗಲ ಮೇಲೆ. ಇವಳು ಅದಕ್ಕೆ ಕಟ್ಟು ಹಾಕಿಸಿಕೊಂಡು ಬಂದಿದ್ದಳು. ಫೋಟೋದ ಹಿಂದೆ ಗೆಳೆಯನ ಕೋಳಿ ಅಕ್ಷರ: "ನೀ ಪಾಠ ಮಾಡು, ನಾವು ನೋಡ್ತೀವಿ." ತಮಾಷೆಗೆ ಬರೆದದ್ದು. ಅವನ ತಮಾಷೆ ಯಾವಾಗಲೂ ಹಾಗೆಯೇ.

"ಅದನ್ನ ಇಲ್ಲಿ ಯಾಕೆ ತೂಗುಹಾಕ್ತೀಯಾ?" ಎಂದೆ.

"ಚೆಂದ ಐತಲ್ಲ. ನಾವಂತೂ ಹೋಗಾಕಿಲ್ಲ, ಅವರು ನಿಂತಿರೋದಾದ್ರೂ ನೋಡಾನ" ಎಂದಳು. ಮೊಳೆ ಇಳಿಯಿತಾ ಎಂದು ಅಲ್ಲಾಡಿಸಿ ನೋಡಿ, ತಿರುಗಿಯೂ ನೋಡದೆ, "ನೀವೂ ಅರ್ಜಿ ಹಾಕಿದ್ರಲ್ರೀ ಅವಾಗ?" ಎಂದಳು.

ಅವಳ ಮಾತಿನಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಅದು ನನಗೆ ಇವತ್ತು ಗೊತ್ತು. ಅವತ್ತು ಗೊತ್ತಾಗಲಿಲ್ಲ. ಶಾಲೆಗೆ ಹೋಗಿ ಸ್ಟಾಫ್ ರೂಮಿನಲ್ಲಿ ಕೂತು ಜೇಬಿನ ಕಾಗದ ಹರಿದೆ, ಬೇರೆ ಕಾಗದ ಬರೆದೆ. ಸೆರೆಂಗೆಟಿಗೇ ಹೋಗು, ಏಪ್ರಿಲ್‌ನಲ್ಲಿಯೇ ಹೋಗು, ಅರ್ಧ ದರ ಇದೆ, ಇದಕ್ಕಿಂತ ಅದೃಷ್ಟ ಬೇಕೆ? ಅಷ್ಟೇ ಬರೆದಿದ್ದರೆ ಅವನು ಅನುಮಾನಪಡುತ್ತಿದ್ದನೋ ಏನೋ. ಅದಕ್ಕೆ ನಾಲ್ಕು ಪುಟ ವರ್ಣನೆ ಬರೆದೆ. ಬಂಗಾರದ ಬಣ್ಣದ ಹುಲ್ಲು, ಸಾಲು ಹಿಡಿದು ಹೋಗುವ ಗ್ನೂಗಳು, ಜಾಲಿಯಂಥ ಮರದ ಕೆಳಗೆ ಮಲಗಿದ ಸಿಂಹ, ಕುಳಿಯ ಅಂಚಿನಲ್ಲಿ ನಿಂತರೆ ಕಾಲ ಕೆಳಗೆ ಒಂದು ಇಡೀ ತಾಲ್ಲೂಕು ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಏನನ್ನೂ ಬರೆದಿರಲಿಲ್ಲ. ಅದನ್ನು ಡಬ್ಬಿಗೆ ಹಾಕಿ ಬರುವಾಗ ನನಗೆ ಹಾಯ್ ಎನಿಸಿತ್ತು. ಸುಳ್ಳು ಹೇಳುವುದಿಲ್ಲ, ಎನಿಸಿತ್ತು.

ಏಪ್ರಿಲ್ ಬಂತು. ಜಗಳೂರಿನಲ್ಲಿ ಬಿಸಿಲು ಕೆಂಡ ಕಾರುತ್ತಿತ್ತು. ನಾನು ದಿನಾ ಮಳೆಯನ್ನು ನೆನೆಯುತ್ತಿದ್ದೆ, ನಮ್ಮ ಮಳೆಯನ್ನಲ್ಲ. ಜೂನ್‌ನಲ್ಲಿ ಮೂರು ಸಾಲಿನ ಕಾಗದ ಬಂತು. "ಹೋಗಿ ಬಂದ್ವಿ. ಎಲ್ಲಾ ನೀ ಹೇಳಿದಂಗೇ ಇತ್ತು. ಊರಿಗೆ ಬಂದಾಗ ಮಾತಾಡಾನ." ನನಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಮಳೆಯೂ ಅವನಿಗೆ ದಾರಿ ಬಿಟ್ಟಿತೇ? ನನ್ನ ಪಾಲಿಗೆ ಬರಗಾಲ, ಅವನು ಹೋದರೆ ಮಳೆಗಾಲವೂ ಬೇಸಿಗೆಯೇ? ಒಂದು ತಿಂಗಳು ಮಕ್ಕಳ ಮೇಲೆ ರೇಗಾಡಿದೆ.

ವರ್ಷ ಕಳೆದು ಅವರು ಬಂದರು. ಬಂದ ಹದಿನೈದು ದಿನಕ್ಕೆ ಜಗಳೂರಿಗೂ ಬಂದರು, ಗಂಡ, ಹೆಂಡತಿ, ಮಗಳು. ನಮ್ಮ ಶಾಲೆಯವರು ಶಾಲು, ಹಾರ, ಹಣ್ಣು ತರಿಸಿ ಮಧ್ಯಾಹ್ನ ಸನ್ಮಾನ ಇಟ್ಟುಕೊಂಡಿದ್ದರು. ಪರದೇಶ ಸುತ್ತಿ ಬಂದವರು ಮಕ್ಕಳಿಗೆ ಎರಡು ಮಾತು ಹೇಳಬೇಕು. ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಗೆಳೆಯ ಹೊನ್ನಾಳಿಯ ಕೋಣೆಯ ಸುದ್ದಿ ತೆಗೆದು ನಗುತ್ತಿದ್ದ. ಸೆರೆಂಗೆಟಿಯ ಸುದ್ದಿ ತೆಗೆಯಲಿಲ್ಲ. ನಾನೂ ಕೇಳಲಿಲ್ಲ.

ಶಾಲೆಗೆ ಹೊರಡುವಾಗ ನನ್ನ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದಳು. ಅಡುಗೆಮನೆಯಲ್ಲಿ ಹೆಂಗಸರು ಮಾತಾಡಿಕೊಂಡಿದ್ದರು.

"ಅವರು ಏನೂ ನೋಡೇ ಇಲ್ಲಂತೆ ರೀ" ಎಂದಳು ಪಿಸುಮಾತಿನಲ್ಲಿ. "ಹೋದ ದಿನದಿಂದ ಬರಾ ದಿನದ ತನಕ ಮಳೆ. ಗಾಡಿ ಕೆಸರಿನಾಗೆ ಹೂತು ವಾಪಸ್ ಬಂದು ಯಾವುದೋ ಊರಿನ ಕೋಣೇಲಿ ಕುಂತಿದ್ರಂತೆ. ಆ ಕುಳಿ ಅಂಚಿಗೆ ಹೋದ್ರೆ ಬರೇ ಮಂಜಂತೆ. ಎರಡು ಜೀಬ್ರಾ ಬಾಲ ನೋಡಿದ್ವಿ ಅಂತ ಅಳ್ತಾ ನಗ್ತಾಳೆ ಪಾಪ. ನಿಮಗೆ ಹೇಳಬ್ಯಾಡ ಅಂತ ಅವರ ಯಜಮಾನ್ರು ಆಣೆ ಹಾಕ್ಸಿದಾರಂತೆ. ಗೊತ್ತಿಲ್ದೆ ಬರದಾನೆ, ತಿಳಿದ್ರೆ ನೊಂದುಕೊಳ್ತಾನೆ ಅಂದ್ರಂತೆ. ನೀವು ಕೇಳಿದಂಗೆ ತೋರಿಸಿಕೊಳ್ಳಬ್ಯಾಡ್ರಿ ಮತ್ತೆ."

ಏಪ್ರಿಲ್‌ನಿಂದ ಕಾಯುತ್ತಿದ್ದ ಸುದ್ದಿ ಇದೇ. ಬಂದಾಗ ಅದರಲ್ಲಿ ಒಂದು ತೊಟ್ಟೂ ಸಂತೋಷ ಇರಲಿಲ್ಲ.

ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಮಕ್ಕಳು ಸಾಲಾಗಿ ಕೂತಿದ್ದರು. ಗೆಳೆಯ ಶಾಲು ಹೊದ್ದು ಎದ್ದು ನಿಂತ. ಜಲಪಾತದ ಬಗ್ಗೆ ಹೇಳಿದ, ಅಲ್ಲಿನ ಮಕ್ಕಳ ಬಗ್ಗೆ ಹೇಳಿದ. ಆಮೇಲೆ ಸೆರೆಂಗೆಟಿಗೆ ಬಂದ. ಬಂಗಾರದ ಬಣ್ಣದ ಹುಲ್ಲು ಎಂದ. ಸಾಲು ಹಿಡಿದು ಹೋಗುವ ಗ್ನೂಗಳು ಎಂದ. ಕುಳಿಯ ಅಂಚಿನಲ್ಲಿ ನಿಂತರೆ ಒಂದು ಇಡೀ ತಾಲ್ಲೂಕು ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ ಎಂದ. ನನ್ನ ಕಾಗದವನ್ನು ಅವನು ಬಾಯಿಪಾಠ ಮಾಡಿಕೊಂಡು ಬಂದಿದ್ದ. "ಇದೆಲ್ಲ ನಾ ನೋಡಿದ್ದು ನಿಮ್ಮ ಮೇಷ್ಟ್ರಿಂದ. ಇಲ್ಲಿ ಕುಂತೇ ಅವರು ನಂಗೆ ದಾರಿ ಹೇಳಿದ್ರು" ಎಂದು ನನ್ನ ಕಡೆ ಕೈ ತೋರಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ನೆಲ ನೋಡುತ್ತಿದ್ದೆ.

ಏನಾದರೂ ಕೇಳುವುದಿದ್ದರೆ ಕೇಳಿ ಎಂದಾಗ ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳು ಎದ್ದಳು. ಚುರುಕಿನ ಹುಡುಗಿ, ಭೂಗೋಳದಲ್ಲಿ ಮೊದಲು.

"ಸಾರ್, ಅಲ್ಲಿ ಮಳೆಗಾಲ ಯಾವಾಗ ಸಾರ್?"

ಗೆಳೆಯ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡ. ಆಮೇಲೆ ನಕ್ಕು, "ಅದನ್ನ ನಿಮ್ಮ ಮೇಷ್ಟ್ರನ್ನೇ ಕೇಳವ್ವ. ನಂಗೆ ಗಣಿತ ಬಿಟ್ರೆ ಏನೂ ಬರಾಕಿಲ್ಲ" ಎಂದ. ನನ್ನನ್ನು ಕಾಪಾಡಲು ಹೇಳಿದ ಮಾತು ಅದು. ನಾನು ಜೂನ್ ಎಂದರೂ ಸರಿ, ಅಕ್ಟೋಬರ್ ಎಂದರೂ ಸರಿ, ಪಾಪ ಇವನಿಗೆ ಗೊತ್ತಿಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದ. ನಾನೊಬ್ಬ ಪೆದ್ದ ಮೇಷ್ಟ್ರು ಆಗಿ ಉಳಿದುಬಿಡಬಹುದಿತ್ತು. ಆದರೆ ಆ ಹುಡುಗಿ ಪೆನ್ಸಿಲ್ ಹಿಡಿದು, ಬರೆದುಕೊಳ್ಳಲು ಕಾಯುತ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಮಾರ್ಚ್‌ನಿಂದ ಮೇ ತನಕ" ಎಂದೆ. "ಎಲ್ಲಕ್ಕಿಂತ ಹೆಚ್ಚು ಏಪ್ರಿಲ್‌ನಲ್ಲಿ."

ಅವಳು ಬರೆದುಕೊಂಡು ಕೂತಳು. ಗೆಳೆಯ ನನ್ನ ಕಡೆ ತಿರುಗಿದ. ಇನ್ನೂ ನಗುತ್ತಿದ್ದ ಮುಖದಲ್ಲಿ ನಗು ಹಾಗೆಯೇ ಸ್ವಲ್ಪ ಹೊತ್ತು ಉಳಿಯಿತು. ಆಮೇಲೆ ಹೆಗಲ ಮೇಲಿನ ಶಾಲು ತೆಗೆದು ಮಡಿಸಿ ಕುರ್ಚಿಯ ಮೇಲಿಟ್ಟ.

ಸಾಯಂಕಾಲ ಬಸ್ ಸ್ಟ್ಯಾಂಡಿಗೆ ಕಳಿಸಲು ಹೋದೆ. ಹೆಂಡತಿಯನ್ನೂ ಮಗಳನ್ನೂ ಹತ್ತಿಸಿ ಅವನು ಕೆಳಗೆ ನಿಂತ.

"ಕಾಗದ ಬರೆಯಾವಾಗ ಗೊತ್ತಿತ್ತೇನೋ?"

"ಗೊತ್ತಿತ್ತು."

ಬೈಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಅವನು ಕಿಟಕಿಯ ಹತ್ತಿರ ಕೂತಿದ್ದ ಮಗಳ ಕಡೆ ನೋಡಿ ಹೇಳಿದ: "ಇವಳಿಗೆ ಅಲ್ಲಿ ಜ್ವರ ಬಂದು ಐದು ದಿನ ಇಳೀಲಿಲ್ಲ ಕಣೋ. ಹಳ್ಳ ಬಂದು ರಸ್ತೆ ಕಟ್ಟಾಗಿತ್ತು, ಡಾಕ್ಟ್ರ ಹತ್ರ ಹೋಗಾಕಾಗಿಲ್ಲ. ತಲೆಗೆ ತಣ್ಣೀರು ಬಟ್ಟೆ ಹಾಕ್ಕೊಂಡು ನಿನ್ನ ಕಾಗದಾನೇ ಕತೆ ಮಾಡಿ ಓದ್ತಿದ್ದೆ. ಕೇಳಿ ಕೇಳಿ ಇವಳಿಗೂ ಬಾಯಿಪಾಠ ಆಗೈತೆ."

ಕಂಡಕ್ಟರ್ ಸೀಟಿ ಊದಿದ, ಅವನು ಹತ್ತಿದ. ಬಸ್ಸು ಹೊರಟಾಗ ಆ ಮಗು ಕಿಟಕಿಯಿಂದ ನನಗೆ ಕೈ ಬೀಸಿತು. ಅವನು ಬೀಸಲಿಲ್ಲ.